ಹಗೇವಿನ ಮೇಲೆ ನಡೆದಂಥ ಸಪ್ಪಳ

ಬಾಗಲಕೋಟೆ ನವನಗರದ ನಮ್ಮ ಮನೆಗೆ ಈ ಬೇಸಿಗೆಯಲ್ಲಿ ಹೊಸ ನೆಲ ಹಾಕಿಸಿದೆವು. 12 ದಿನದ ಕೆಲಸ ಅಂದಿದ್ದರು, 46 ದಿನ ಹಿಡಿಯಿತು. ಆ 46 ದಿನದಲ್ಲಿ ಏನೇನಾಯಿತು ಅಂತ ಬರೆಯುತ್ತಿದ್ದೇನೆ. ಟೈಲ್ಸ್ ಹಾಕಿಸಲು ಹೊರಟ ಯಾರಿಗಾದರೂ ಇದರಲ್ಲಿ ಒಂದೆರಡು ವಿಷಯ ಉಪಯೋಗಕ್ಕೆ ಬಂದೀತು. ಮೊದಲೇ ನನಗೆ ಯಾರಾದರೂ ಇವನ್ನು ಹೇಳಿದ್ದರೆ ಒಂದು ವಾರದ ಜಗಳವಾದರೂ ತಪ್ಪುತ್ತಿತ್ತು.

ನಮ್ಮ ಹಳೆಯ ನೆಲ ಕರಿ ಫರಸಿಯದು. ಆ ಕಲ್ಲು ಈ ಮನೆಯದ್ದಲ್ಲ. ಆಲಮಟ್ಟಿ ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ಏರಿ ಬಂದು ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಖಾಲಿಯಾದವಲ್ಲ, ಆಗ ಅತ್ತೆಯವರ ಮನೆಯೂ ಹೋಯಿತು. ಜನ ಮನೆ ಬಿಡುವಾಗ ಬಾಗಿಲು, ತೊಲೆ, ಕಂಬ ಬಿಚ್ಚಿಕೊಂಡು ಬಂದರು. ನಮ್ಮ ಮಾವ ಪಡಸಾಲೆಯ ಫರಸಿಯನ್ನೂ ಒಂದೊಂದಾಗಿ ಎಬ್ಬಿಸಿ ಟ್ರ್ಯಾಕ್ಟರ್‌ನಲ್ಲಿ ತಂದರು. 2001ರಲ್ಲಿ ನವನಗರದ ಸೈಟಿನಲ್ಲಿ ಮನೆ ಕಟ್ಟಿ ಅದೇ ಕಲ್ಲು ಹಾಸಿದರು. ಮಾವ ಈಗಿಲ್ಲ. ಅತ್ತೆಗೆ 79 ವರ್ಷ. ಆ ಕಲ್ಲಿನ ಮೇಲೆ ಅವರು ಬರಿಗಾಲಲ್ಲಿ ಓಡಾಡುವುದನ್ನು ನೋಡಿದರೆ ಸಾಕು, ಅದನ್ನು ಕಿತ್ತು ಹಾಕೋಣ ಎಂದು ಹೇಳಲು ನನಗೆ ಬಾಯೇ ಬರುತ್ತಿರಲಿಲ್ಲ.

ಆದರೆ ಕಲ್ಲು ಕುಸಿಯತೊಡಗಿತ್ತು. ಹಾಲ್‌ನ ಒಂದು ಮೂಲೆ ಎರಡು ಬೆರಳಿನಷ್ಟು ಕೆಳಗಿಳಿದಿತ್ತು. ಸಂದುಗಳು ಬಿಟ್ಟು ಇರುವೆ ಸಾಲುಗಟ್ಟಿ ಬರುತ್ತಿದ್ದವು. ಒರೆಸಿದ ನೀರು ಕಲ್ಲಿನ ಕೆಳಗೆ ಇಳಿದುಬಿಡುತ್ತಿತ್ತು. ಹೋದ ದಸರೆಯಲ್ಲಿ ಅತ್ತೆ ಏಳುಬೀಳಾದ ಒಂದು ಅಂಚಿಗೆ ಎಡವಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಅಂದಿನಿಂದ ಕೈಗೆ ಕೋಲು ಬಂತು. ಕೊನೆಗೆ ಅವರೇ ಹೇಳಿದರು: "ತೆಗಸಿಬಿಡವಾ, ಕಲ್ಲಿಗೂ ವಯಸ್ಸಾತು."

ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಏಪ್ರಿಲ್‌ನಲ್ಲಿ ರಜೆ ಶುರುವಾಗುತ್ತದೆ, ಅಷ್ಟರೊಳಗೆ ಕಂಪನಿ ಗೊತ್ತು ಮಾಡಬೇಕಿತ್ತು. ಸ್ಟಾಫ್ ರೂಮಿನಲ್ಲಿ ಕೇಳಿದೆ. ಒಬ್ಬೊಬ್ಬರದು ಒಂದೊಂದು ಕಥೆ. ವಿದ್ಯಾಗಿರಿಯ ಸಹೋದ್ಯೋಗಿಯ ಮನೆಯಲ್ಲಿ ಮೇ ತಿಂಗಳ ಒಂದು ಮಧ್ಯಾಹ್ನ ಪಟಾಕಿ ಹೊಡೆದಂತೆ ಸದ್ದಾಗಿ ಹಾಲ್‌ನ ನಾಲ್ಕು ಟೈಲ್ಸ್ ಡೇರೆಯ ಹಾಗೆ ಎದ್ದು ನಿಂತವಂತೆ. ಒಂದಕ್ಕೊಂದು ತಾಗಿಸಿ ಸಂದೇ ಇಲ್ಲದೆ ಹಾಕಿದ್ದರು. ಬಿಸಿಲಿಗೆ ಹಿಗ್ಗಲು ಜಾಗವಿಲ್ಲ, ಮೇಲಕ್ಕೆದ್ದವು. ಇನ್ನೊಬ್ಬರಿಗೆ ಕೊನೆಯ ಬಿಲ್ ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿ ಬಂತು. ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹಚ್ಚುವ ಪಟ್ಟಿ) ಬೇರೆ, ಕಟಿಂಗ್ ಬೇರೆ, ಹಳೆ ನೆಲ ಒಡೆದ ಕಸ ಸಾಗಿಸಿದ್ದು ಬೇರೆ. ವಿಜಯಪುರದ ನಮ್ಮ ತಂಗಿ ಮಾತ್ರ ಬಹಳ ಖುಷಿಯಲ್ಲಿದ್ದಳು. ಅವಳ ಮನೆ ನೆಲ ನಾಲ್ಕು ವರ್ಷವಾದರೂ ಅಲುಗಿಲ್ಲ. ಕಂಪನಿ ಯಾವುದು ಅಂತ ಕೇಳಿದರೆ ಅವಳು ಮೊದಲು ಹೇಳಿದ್ದು ಮೇಸ್ತ್ರಿಯ ಹೆಸರು. ಆಗ ಅದರ ಅರ್ಥ ನನಗೆ ಸರಿಯಾಗಿ ಹೊಳೆಯಲಿಲ್ಲ.

ಮೂರು ಕಡೆಯಿಂದ ದರ ತರಿಸಿದೆವು. ಒಬ್ಬರು ಮನೆಗೆ ಬರಲೇ ಇಲ್ಲ, ಫೋನಿನಲ್ಲೇ ಚದರ ಅಡಿಗೆ ಇಷ್ಟು ಅಂದರು. ಎರಡನೆಯವರು ಬಂದು ನೋಡಿ, ಹಳೆ ಫರಸಿಯ ಮೇಲೆಯೇ ಗಮ್ (ಟೈಲ್ಸ್ ಅಂಟಿಸುವ ಅಂಟು) ಹಚ್ಚಿ ಟೈಲ್ಸ್ ಕೂಡಿಸುತ್ತೇವೆ, 4 ದಿನದಲ್ಲಿ ಮುಗಿಯುತ್ತದೆ, ಬಾಗಿಲು ಮಾತ್ರ ಕೆಳಗೆ ಸ್ವಲ್ಪ ಕೊಯ್ಯಬೇಕು ಅಂದರು. ದರವೂ ಕಡಿಮೆ. ನಮ್ಮವರಿಗೆ ಅದೇ ಮನಸ್ಸಿಗೆ ಬಂದಿತ್ತು.

ನನಗೆ ಯಾಕೋ ಸಮಾಧಾನವಾಗಲಿಲ್ಲ. 2001ರಲ್ಲಿ ಈ ಕಲ್ಲು ಹಾಸಿದ್ದ ಗೌಂಡಿ ಕಾಕಾ ಇನ್ನೂ ಇದ್ದಾರೆ, ಹಳೆ ಊರಿನಲ್ಲೇ. ಈಗ ಕೆಲಸ ಬಿಟ್ಟಿದ್ದಾರೆ. ಕರೆದ ಕೂಡಲೇ ಬಂದರು. ಸಣ್ಣ ಸುತ್ತಿಗೆ ಹಿಡಿದು ಕಲ್ಲಿನಿಂದ ಕಲ್ಲಿಗೆ ಬಡಿಯುತ್ತಾ ಹೋದರು, ಕಿವಿ ಕೊಟ್ಟು ಕೇಳಿದರು. ಹತ್ತು ನಿಮಿಷ ಮಾತೇ ಇಲ್ಲ. ಆಮೇಲೆ ಹೇಳಿದರು: "ಕೆಳಗ ನೆಲಾನ ಇಲ್ರಿ ಬಾಯಾರ. ಇದರ ಮ್ಯಾಲ ಏನ್ ಹಾಕಿದ್ರೂ ಅದರ ಜೋಡಿನ ಹೋಗತೈತಿ."

ಪಾಯದ ಒಳಗೆ ಅಂದು ಎರೆ ಮಣ್ಣು ತುಂಬಿದ್ದರಂತೆ. ಗರಸು, ಅಂದರೆ ಕಲ್ಲು ಬೆರೆತ ಗಟ್ಟಿ ಮಣ್ಣು, ತರಲು ದುಡ್ಡು ಸಾಲದೆ, ಪಾಯ ತೋಡಿದ ಮಣ್ಣನ್ನೇ ವಾಪಸ್ ಹಾಕಿದ್ದರು. ಎರೆ ಮಣ್ಣಿನ ಗುಣ ನಮ್ಮ ಭಾಗದ ರೈತರಿಗೆ ಹೇಳಬೇಕಾಗಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಇಳಿಯುತ್ತದಲ್ಲ, ಅದೇ ಆಟ ನಮ್ಮ ಹಾಲ್‌ನ ಕೆಳಗೆ 20 ವರ್ಷಕ್ಕೂ ಹೆಚ್ಚು ಕಾಲ ನಡೆದಿತ್ತು. ಬಿಳಿಜೋಳಕ್ಕೆ ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ, ನೆಲಗಟ್ಟಿಗೆ ಅದಕ್ಕಿಂತ ಕೆಟ್ಟದ್ದಿಲ್ಲ.

ಹಾಗಾಗಿ ಮೂರನೆಯ ಕಂಪನಿಗೆ ಒಪ್ಪಿದೆವು. ಅವರದು ದೊಡ್ಡ ಶೋರೂಮ್. ಲೇಸರ್ ಹಿಡಿದು ಅಳತೆ ಮಾಡಿದರು. ಹಳೆಯದು ಕಿತ್ತು, ಮಣ್ಣು ತೆಗೆದು, ಗರಸು ತುಂಬಿ, ಕಾಂಕ್ರೀಟ್ ಹಾಕಿ, ಆಮೇಲೆ ಟೈಲ್ಸ್ ಎಂದು ಅವರಾಗಿಯೇ ಹೇಳಿದರು. ಅದಕ್ಕೇ ನಂಬಿಕೆ ಬಂತು. 640 ಚದರ ಅಡಿಗೆ ಎಲ್ಲ ಸೇರಿ 1,25,000 ರೂಪಾಯಿ. ನಾನು ಬಿಡದೆ ಪ್ರತಿ ಬಾಬತ್ತನ್ನೂ ಬಿಡಿಸಿ ಬರೆಸಿದೆ: ಕೀಳುವುದಕ್ಕೆಷ್ಟು, ಕಸ ಸಾಗಿಸುವುದಕ್ಕೆಷ್ಟು, ಸ್ಕರ್ಟಿಂಗ್ ಅಡಿಗೆಷ್ಟು, ಗಮ್ ಚೀಲ ಎಷ್ಟು. ಅರ್ಧ ಹಣ ಮುಂಗಡ ಕೇಳಿದರು. ನಾನು 30 ಪರ್ಸೆಂಟ್ ಕೊಟ್ಟೆ. ಕಾಂಕ್ರೀಟ್ ಆದ ಮೇಲೆ ಇಷ್ಟು, ಟೈಲ್ಸ್ ಕೂತ ಮೇಲೆ ಇಷ್ಟು, ಕೊನೆಯ 10 ಪರ್ಸೆಂಟ್ ಎಲ್ಲ ಪರೀಕ್ಷೆ ಮಾಡಿದ ಮೇಲೆ ಎಂದು ಬರೆಸಿಕೊಂಡೆ. ಜಿಎಸ್‌ಟಿ ಇರುವ ಪಕ್ಕಾ ಬಿಲ್ ಬೇಕು ಅಂದೆ. ಇಷ್ಟೆಲ್ಲ ಮಾಡಿಯೂ ಒಂದು ಮಾತು ಕೇಳಲಿಲ್ಲ. ಟೈಲ್ಸ್ ಕೂಡಿಸಲು ಬರುವವರು ಯಾರು? ನಿಮ್ಮ ಆಳುಗಳೋ, ಬೇರೆಯವರೋ? ಅವರಿಗೆ ಕೂಲಿ ದಿನದ ಲೆಕ್ಕವೋ, ಚದರ ಅಡಿ ಲೆಕ್ಕವೋ? ಇದನ್ನೇ ಮೊದಲು ಕೇಳಬೇಕಿತ್ತು.

ಟೈಲ್ಸ್ ಆರಿಸುವಾಗ ಅಂಗಡಿಯವರು ಮಿರಿಮಿರಿ ಹೊಳೆಯುವುದನ್ನೇ ಮುಂದೆ ಇಟ್ಟರು. ಅದರ ಮೇಲೆ ಮನೆ ದೊಡ್ಡದಾಗಿ ಕಾಣುತ್ತದೆ ನಿಜ. ನಾನು ಒಂದು ತಂಬಿಗೆ ನೀರು ಕೇಳಿ, ಮಾದರಿ ಟೈಲ್ಸ್ ಮೇಲೆ ಚೆಲ್ಲಿ ಬರಿಗಾಲಲ್ಲಿ ನಿಂತು ನೋಡಿದೆ. ಹೊಳೆಯುವುದರ ಮೇಲೆ ಕಾಲು ಸರ್ರನೆ ಜಾರಿತು. ಮ್ಯಾಟ್ ಮೇಲೆ ನಿಂತಿತು. ಮನೆಯಲ್ಲಿ ವಯಸ್ಸಾದವರಿದ್ದರೆ ದಯವಿಟ್ಟು ಹೀಗೆ ಮಾಡಿ ನೋಡಿ. ತಿಳಿಬೂದು ಬಣ್ಣದ ಮ್ಯಾಟ್ ವಿಟ್ರಿಫೈಡ್, 2x2 ಅಳತೆ, ಗುಜರಾತಿನ ಮೊರ್ಬಿಯಿಂದ ಬಂದದ್ದು, 50 ಬಾಕ್ಸ್.

ಇಲ್ಲೊಂದು ಲೆಕ್ಕ ಹೇಳಿಬಿಡುತ್ತೇನೆ. 2x2 ಎಂದರೂ ಆ ಟೈಲ್ಸ್ ನಿಜವಾಗಿ 2 ಅಡಿ ಇರುವುದಿಲ್ಲ, 600 ಮಿಲಿಮೀಟರ್ ಇರುತ್ತದೆ. 2 ಅಡಿ ಅಂದರೆ 609 ಮಿಲಿಮೀಟರ್‌ಗಿಂತ ತುಸು ಜಾಸ್ತಿ. ಬಾಕ್ಸಿಗೆ ನಾಲ್ಕು ಟೈಲ್ಸ್, ಬಾಯಿಮಾತಿನಲ್ಲಿ 16 ಚದರ ಅಡಿ, ನಿಜವಾಗಿ ಸುಮಾರು 15.5. ಒಂದು ಬಾಕ್ಸಿಗೆ ಅರ್ಧ ಅಡಿ ಏನೂ ಅಲ್ಲ. 50 ಬಾಕ್ಸಿಗೆ 25 ಚದರ ಅಡಿ, ಅಂದರೆ ಹೆಚ್ಚುಕಡಿಮೆ ಎರಡು ಬಾಕ್ಸ್ ಕಡಿಮೆ ಬೀಳುತ್ತದೆ. ಕೊನೆಗೆ ಹೋಗಿ ಕೇಳಿದರೆ ಅದೇ ಶೇಡ್ ಸಿಗುವುದಿಲ್ಲ. ಬಾಕ್ಸಿನ ಮೇಲೆ ಶೇಡ್ ಮತ್ತು ಬ್ಯಾಚ್ ನಂಬರ್ ಇರುತ್ತದೆ. ನಮಗೆ ಬಂದ 50ರಲ್ಲಿ 8 ಬೇರೆ ಬ್ಯಾಚಿನವು. ಇಳಿಸುವಾಗಲೇ ನೋಡಿದ್ದರಿಂದ ಬದಲಿಸಿ ಕೊಟ್ಟರು.

ಏಪ್ರಿಲ್ ಎರಡನೇ ವಾರ ಕೆಲಸ ಶುರುವಾಯಿತು. ನಾವು ಮಹಡಿಯ ಒಂದು ಕೋಣೆಗೆ ಹೋದೆವು. ಅಡುಗೆ ಹೊರಗೆ, ತಗಡಿನ ನೆರಳಿನಲ್ಲಿ. ಆ ಬಿಸಿಲಿನಲ್ಲಿ ಒಲೆ ಮುಂದೆ ಕೂತು ರೊಟ್ಟಿ ಬಡಿಯುವುದು ಹೇಗಿರುತ್ತದೆ ಅಂತ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಗೊತ್ತು.

ಫರಸಿ ಎಬ್ಬಿಸಲು ಗೌಂಡಿ ಕಾಕಾ ತಾವೇ ನಿಂತರು. ಹಾರೆ ಹಾಕುವುದು ಹೇಗೆ ಅಂತ ಹುಡುಗರಿಗೆ ತೋರಿಸಿದರು. 70ಕ್ಕೂ ಹೆಚ್ಚು ಕಲ್ಲು ಮುಕ್ಕಾಗದೆ ಬಂದವು. ಕಾಂಪೌಂಡಿಗೆ ಒರಗಿಸಿ ನಿಲ್ಲಿಸಿದೆವು. ಕಲ್ಲಿನ ಕೆಳಗೆ ನೋಡಿ ಎದೆ ಝಲ್ ಎಂದಿತು. ಮುಷ್ಟಿ ಹಿಡಿಯುವಷ್ಟು ಪೊಳ್ಳು ಅಲ್ಲಲ್ಲಿ. ಇರುವೆಗಳ ಸುರಂಗ. ಅಡುಗೆಮನೆ ಕಡೆ ಮಣ್ಣು ಹಸಿ, ಹಾಲ್ ಕಡೆ ಒಣಗಿ ಸೀಳು. ಇದರ ಮೇಲೆಯೇ 4 ದಿನದಲ್ಲಿ ಟೈಲ್ಸ್ ಅಂಟಿಸುತ್ತಿದ್ದರಲ್ಲ ಅಂತ ನಮ್ಮವರ ಮುಖ ನೋಡಿದೆ. ಅವರು ಸುಮ್ನೆ ತಲೆಯಾಡಿಸಿದರು.

ಒಂದು ಅಡಿ ಮಣ್ಣು ತೆಗೆದರು. ಗರಸು ತುಂಬಿದರು. ಒಂದೇ ಸಲಕ್ಕೆ ಪೂರ್ತಿ ಸುರಿಯಲು ಹೊರಟಿದ್ದರು. ಆರು ಇಂಚು ಹಾಕಿ, ನೀರು ಹೊಡೆದು, ಧಮ್ಮಸ್ ಮಾಡಿ (ಬಡಿದು ಗಟ್ಟಿ ಮಾಡಿ), ಆಮೇಲೆ ಮತ್ತೊಂದು ಪದರ ಎಂದು ಕಾಕಾ ಹಟ ಹಿಡಿದರು. ಮೇಲೆ ನಾಲ್ಕು ಇಂಚು ಕಾಂಕ್ರೀಟ್. ಎರಡು ದಿನ ನೀರು ಹೊಡೆದರೆ ಸಾಕು ಅಂದ ಸೂಪರ್‌ವೈಸರ್. ನಾವು ಗೋಣಿ ತಟ್ಟು ಹಾಸಿ 7 ದಿನ ನೀರುಣಿಸಿದೆವು. ಟ್ಯಾಂಕರ್‌ಗೆ ಬೇರೆ ದುಡ್ಡಾಯಿತು. ಆಮೇಲೆ 12 ದಿನ ಸುಮ್ನೆ ಒಣಗಲು ಬಿಟ್ಟೆವು. ಕಂಪನಿಯವರು ದಿನಾ ಫೋನ್ ಮಾಡಿ ಆಳುಗಳು ಖಾಲಿ ಕೂತಿದ್ದಾರೆ ಅನ್ನುತ್ತಿದ್ದರು. ನಾನು ಒಪ್ಪಲಿಲ್ಲ. ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿಯೇ ಇತ್ತು.

ಟೈಲ್ಸ್ ಹಾಕಲು ನಾಲ್ವರು ಹುಡುಗರು ಬಂದರು. ಕಂಪನಿಯವರಲ್ಲ, ಕಂಪನಿಯಿಂದ ಗುತ್ತಿಗೆ ಹಿಡಿದವರ ಕೈಕೆಳಗಿನವರು. ಕೂಲಿ ಚದರ ಅಡಿಗೆ ಇಷ್ಟು ಎಂದು. ಎಷ್ಟು ಬೇಗ ಮುಗಿಸುತ್ತಾರೋ ಅಷ್ಟು ಬೇಗ ಮುಂದಿನ ಮನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಲೆಕ್ಕದಲ್ಲಿ ದುಡಿಯುವವನು ನಿಧಾನ ಮಾಡಿದರೆ ಅವನ ಮನೆ ನಡೆಯುವುದಿಲ್ಲ. ಒಂದೂವರೆ ದಿನದಲ್ಲಿ ಹಾಲ್ ಬಹುತೇಕ ಮುಗಿಸಿದರು. 60 ಟೈಲ್ಸ್. ನೋಡಲು ಬಹಳ ಚೆಂದ. ರಸಮಟ್ಟ ಇಟ್ಟರೆ ಗುಳ್ಳೆ ನಡುವೆಯೇ ನಿಲ್ಲುತ್ತಿತ್ತು. ನಾನು ಹೊರಗೆ ಅಡುಗೆ ಮಾಡುತ್ತಿದ್ದೆ, ಒಳಗೆ ನಿಂತು ನೋಡಲಿಲ್ಲ.

ಮರುದಿನ ಅವರಿಗೆ ರಜೆ. ಬೆಳಿಗ್ಗೆ ಅತ್ತೆಯನ್ನು ಕೈಹಿಡಿದು ಕೆಳಗಿಳಿಸಿ ಹೊಸ ನೆಲ ತೋರಿಸಿದೆ. ಅವರು ಕೋಲೂರುತ್ತಾ ನಿಧಾನ ಹೆಜ್ಜೆ ಹಾಕಿದರು. ಟಕ್, ಟಕ್, ಟಕ್. ಆಮೇಲೆ ಡುಬ್. ಮತ್ತೆ ಟಕ್. ಮತ್ತೆ ಡುಬ್. ನಿಂತರು. ಅದೇ ಜಾಗದಲ್ಲಿ ಕೋಲಿನಿಂದ ಎರಡು ಸಲ ಕುಟ್ಟಿದರು. "ಇಲ್ಲಿ ಪೊಳ್ಳ ಐತಿ ನೋಡ. ಹಗೇವಿನ ಮ್ಯಾಲ ಅಡ್ಡಾಡಿದಂಗ ಆಗತೈತಿ."

ಹಗೇವು ಈಗಿನ ಮಕ್ಕಳಿಗೆ ಗೊತ್ತಿಲ್ಲ. ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ ಅದು. ಖಾಲಿಯಾದಾಗ ಅದರ ಮೇಲೆ ನಡೆದರೆ ಕಾಲಿಗೆ ಗೊತ್ತಾಗುತ್ತದಂತೆ. ಅತ್ತೆಗೆ ಆ ಸಪ್ಪಳ ಹುಡುಗಿಯಾಗಿದ್ದಾಗಿನಿಂದ ಗುರುತು.

ನಾನು ಶಾಲೆಯ ಸೀಮೆಸುಣ್ಣ ತಂದೆ. ಅತ್ತೆ ಕುಟ್ಟಿದರು, ನಾನು ಗುರುತು ಹಾಕಿದೆ. ಒಂದೊಂದು ಟೈಲ್ಸಿಗೆ ಐದು ಕಡೆ, ನಾಲ್ಕು ಮೂಲೆ ಮತ್ತು ನಡು. 60ರಲ್ಲಿ 23 ಪೊಳ್ಳು. ಕೆಲವದರಲ್ಲಿ ಮೂಲೆ ಮಾತ್ರ, ಕೆಲವದರಲ್ಲಿ ಅರ್ಧಕ್ಕರ್ಧ. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಖಾಲಿ ಗಮ್ ಚೀಲಗಳನ್ನು ಎಣಿಸಿದೆ. ಮೂರು. ಚೀಲದ ಮೇಲೆಯೇ ಅಚ್ಚಾಗಿತ್ತು: 20 ಕೆಜಿ ಚೀಲ, 3 ಮಿಲಿಮೀಟರ್ ದಪ್ಪ ಹಚ್ಚಿದರೆ ಸುಮಾರು 50 ಚದರ ಅಡಿ. 60 ಟೈಲ್ಸ್ ಅಂದರೆ 230 ಚದರ ಅಡಿಯ ಮೇಲೆ. ನಾಲ್ಕೂವರೆ ಚೀಲಕ್ಕಿಂತ ಜಾಸ್ತಿ ಬೇಕಿತ್ತು.

ಸೂಪರ್‌ವೈಸರ್ ಬಂದ. ಎಲ್ಲ ಟೈಲ್ಸೂ ಸ್ವಲ್ಪ ಹಾಗೆಯೇ ಸದ್ದು ಮಾಡುತ್ತವೆ ಮೇಡಂ, ಕೂತ ಮೇಲೆ ಸರಿಹೋಗುತ್ತದೆ ಅಂದ. ಹಾಗಾದರೆ ಒಂದನ್ನು ಎಬ್ಬಿಸಿ ತೋರಿಸಿ ಅಂದೆ. ಒಡೆದರೆ ನಿಮ್ಮ ಲೆಕ್ಕ ಅಂದ. ಆಗಲಿ ಅಂದೆ. ಎಬ್ಬಿಸಿದರು. ಒಡೆಯಲಿಲ್ಲ. ಅಷ್ಟು ಸುಲಭವಾಗಿ ಎದ್ದು ಬಂತು. ಬೆನ್ನಿನ ಮೇಲೆ ಐದು ಉಂಡೆ ಗಮ್, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಉಳಿದ ಜಾಗವೆಲ್ಲ ಒಣಒಣ. ಉಂಡೆ ಇಟ್ಟು ಒತ್ತಿದರೆ ಲೆವೆಲ್ ಬೇಗ ಬರುತ್ತದೆ, ಅದಕ್ಕೇ ಹಾಗೆ ಮಾಡುತ್ತಾರೆ. ಆದರೆ ಉಂಡೆಗಳ ನಡುವೆ ಗಾಳಿ ಉಳಿಯುತ್ತದೆ. ಸಂದಿನಿಂದ ಇಳಿದ ನೀರು ಅಲ್ಲಿ ನಿಲ್ಲುತ್ತದೆ. ಆ ಖಾಲಿ ಜಾಗದ ಮೇಲೆ ಗ್ಯಾಸ್ ಸಿಲಿಂಡರ್ ದಪ್ಪನೆ ಇಟ್ಟರೆ ಟೈಲ್ಸ್ ಸೀಳುತ್ತದೆ.

ಆರು ದಿನ ಕೆಲಸ ನಿಂತಿತು. ಪೊಳ್ಳಿರುವ 23 ಮಾತ್ರ ಬದಲಿಸುತ್ತೇವೆ, ಅದರ ಕೂಲಿ ಅರ್ಧ ನೀವು ಕೊಡಿ ಅಂದರು. ನಾನು ಫೋಟೋ, ಚೀಲದ ಮೇಲಿನ ಬರಹ, ಬಿಲ್ ಎಲ್ಲ ಸೇರಿಸಿ ಒಂದು ಪತ್ರ ಬರೆದೆ. ಶೋರೂಮ್‌ಗೆ ಹೋಗಿ ಮಾಲೀಕರ ಕೈಗೇ ಕೊಟ್ಟೆ. ಸಮಾಧಾನದಿಂದಲೇ ಮಾತಾಡಿದೆ. ಸರಿಮಾಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ, ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಅಲ್ಲಿ ದೂರಿಗೆ ಶುಲ್ಕವೂ ಇಲ್ಲ ಎಂದೆ. 1915ಕ್ಕೆ ಫೋನ್ ಮಾಡಿ ಕೇಳಿಕೊಂಡೇ ಹೋಗಿದ್ದೆ, ಗ್ರಾಹಕರ ಸಹಾಯವಾಣಿ ಅದು. ಮಾಲೀಕರು ಫೋಟೋಗಳನ್ನು ಬಹಳ ಹೊತ್ತು ನೋಡಿದರು. 60ನ್ನೂ ತೆಗೆಸುತ್ತೇನೆ, ಬೇರೆ ಮೇಸ್ತ್ರಿಯನ್ನು ಕಳಿಸುತ್ತೇನೆ, ಒಡೆದ ಟೈಲ್ಸ್ ನಮ್ಮ ಖರ್ಚು ಅಂದರು. ಆ ಮಾತು ಉಳಿಸಿಕೊಂಡರು, ಅದನ್ನೂ ಹೇಳಬೇಕು ಅಲ್ವಾ.

ಹೊಸ ಮೇಸ್ತ್ರಿಗೆ ಐವತ್ತರ ಮೇಲೆ ವಯಸ್ಸು. ಜೊತೆಗೆ ಒಬ್ಬನೇ ಹುಡುಗ. ಬಂದವರೇ ಹಳೆ ಗಮ್ಮಿನ ಗಂಟುಗಳನ್ನೆಲ್ಲ ಕೆರೆದು, ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದರು. ಅರ್ಧ ದಿನ ಅಷ್ಟೇ ಕೆಲಸ. ಬೆಳಿಗ್ಗೆ 6ಕ್ಕೆ ಶುರು, 11ಕ್ಕೆ ನಿಲ್ಲಿಸಿ, ಮತ್ತೆ ಸಂಜೆ 4ರ ಮೇಲೆ. ಈ ಬಿಸಿಲಿಗೆ ಗಮ್ ಮೇಲೆ ಬೇಗ ಕೆನೆ ಕಟ್ಟುತ್ತದೆ, ಕೆನೆ ಕಟ್ಟಿದರೆ ಹಿಡಿಯುವುದಿಲ್ಲ ಅಂದರು. ಫ್ಯಾನ್ ಕೂಡ ಹಾಕಲು ಬಿಡಲಿಲ್ಲ. ಅವರ ಥಾಪಿಗೆ ಬಾಚಣಿಕೆಯ ಹಾಗೆ ಹಲ್ಲು. ನೆಲಕ್ಕೆ ಗಮ್ ಹಚ್ಚಿ ಅದರಿಂದ ಗೆರೆ ಎಳೆಯುತ್ತಿದ್ದರು, ಕೂರಿಗೆ ಎಳೆದ ಹೊಲದ ಹಾಗೆ ಒಂದೇ ದಿಕ್ಕಿಗೆ. ಟೈಲ್ಸಿನ ಬೆನ್ನಿಗೂ ತೆಳ್ಳಗೆ ಸವರುತ್ತಿದ್ದರು. ಇಟ್ಟು ಹಿಂದೆ ಮುಂದೆ ತುಸು ಜರುಗಿಸಿ ಒತ್ತುತ್ತಿದ್ದರು. ಮೊದಲನೆಯದನ್ನು ಇಟ್ಟು, ನನ್ನನ್ನು ಕರೆದು, ಅದನ್ನೇ ಮತ್ತೆ ಎಬ್ಬಿಸಿ ಬೆನ್ನು ತೋರಿಸಿದರು. ಒಂದು ಉಗುರಿನಷ್ಟು ಜಾಗವೂ ಖಾಲಿ ಇರಲಿಲ್ಲ. ನನಗೆ ನಿಜವಾಗಿ ಕಣ್ಣು ತುಂಬಿ ಬಂತು.

ಗಮ್ ಬದಲು ಸಿಮೆಂಟ್ ಹಾಲು (ನೀರಿನಲ್ಲಿ ಕಲಸಿದ ಸಿಮೆಂಟ್) ಹಾಕಿದರೆ ಸಾಲದೇ ಅಂತ ಕೇಳಿದೆ. ವಿಟ್ರಿಫೈಡ್ ನೀರು ಕುಡಿಯುವುದಿಲ್ಲ, ಕುಡಿಯದಿದ್ದರೆ ಸಿಮೆಂಟ್ ಅದಕ್ಕೆ ಕಚ್ಚುವುದಿಲ್ಲ ಅಂದರು. ಗಾಜಿಗೆ ಸೆಗಣಿ ಮೆತ್ತಿದ ಹಾಗೆ, ಒಣಗಿದ ಮೇಲೆ ಉದುರುತ್ತದೆ.

ಸಂದು 2 ಮಿಲಿಮೀಟರ್ ಬಿಡಿಸಿದೆ. ಶೋರೂಮಿನವರು ಪೇಪರ್ ಜಾಯಿಂಟ್, ಅಂದರೆ ಸಂದೇ ಕಾಣದ ಹಾಗೆ ತಾಗಿಸಿ, ಮಾಡಿದರೆ ಒಂದೇ ಕಲ್ಲಿನ ಹಾಗೆ ಕಾಣುತ್ತದೆ ಅಂದಿದ್ದರು. ವಿದ್ಯಾಗಿರಿಯ ಆ ಡೇರೆ ನೆನಪಿತ್ತು, ಬೇಡ ಅಂದೆ. ಗೋಡೆಯ ಬದಿಗೂ ಕಾಲು ಇಂಚು ಜಾಗ ಬಿಟ್ಟು ಸ್ಕರ್ಟಿಂಗ್‌ನಿಂದ ಮುಚ್ಚಿದರು. ಅಡುಗೆಮನೆಯ ಸಂದುಗಳಿಗೆ ಎಪಾಕ್ಸಿ ತುಂಬಿಸಿದೆವು, ಅರಿಶಿನ ಎಣ್ಣೆ ಹಿಡಿಯದಿರಲಿ ಎಂದು. ಉಳಿದ ಕಡೆ ಸಂದು ತುಂಬುವ ಸಾದಾ ಗ್ರೌಟ್. ಹೊಸ್ತಿಲುಗಳಿಗೆ ಇಳಕಲ್ಲಿನ ಕೆಂಪು ಗ್ರಾನೈಟ್ ಪಟ್ಟಿ. ನಮ್ಮ ಜಿಲ್ಲೆಯ ಕಲ್ಲು ದೇಶ ದಾಟಿ ಹೋಗುವಾಗ ನಮ್ಮ ಹೊಸ್ತಿಲಿಗೆ ಅದೇ ಇರಲಿ ಅನ್ನಿಸಿತು.

ಹಳೆ ಫರಸಿಯನ್ನು ಗೌಂಡಿ ಕಾಕಾ ಮುಂದಿನ ಅಂಗಳದಲ್ಲಿ ಹಾಸಿಕೊಟ್ಟರು, ಉಸುಕಿನ ಮೇಲೆ, ಸಿಮೆಂಟ್ ಇಲ್ಲದೆ. ಎರಡು ದಿನ ಕೂತು ಒಂದೊಂದನ್ನೂ ತಟ್ಟಿ ಕೂಡಿಸಿದರು. ಕೂಲಿ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಅತ್ತೆ ಅವರಿಗೆ ಒಂದು ಧೋತರ ಕೊಟ್ಟರು, ಅದನ್ನು ತೆಗೆದುಕೊಂಡರು.

ಕೊನೆಯ 10 ಪರ್ಸೆಂಟ್, 12,500 ರೂಪಾಯಿ, ಇನ್ನೂ ನನ್ನ ಹತ್ತಿರವೇ ಇದೆ. ಎಲ್ಲ ಕೋಣೆಗಳನ್ನೂ ಅತ್ತೆ ಮತ್ತು ನಾನು ಸೇರಿ ಪರೀಕ್ಷೆ ಮಾಡಿದೆವು, ಮೂರು ಸಂಜೆ ಹಿಡಿಯಿತು. ಉಳಿದ ಎರಡು ಬಾಕ್ಸನ್ನು ಶೇಡ್ ನಂಬರ್ ಕಾಣುವ ಹಾಗೆ ಮೆಟ್ಟಿಲಿನ ಕೆಳಗೆ ಇಟ್ಟಿದ್ದೇನೆ. ಮನೆಯಲ್ಲಿ ಒಂದೇ ಟೈಲ್ಸ್ ಬೇರೆ ಸಪ್ಪಳ ಮಾಡುತ್ತಿದೆ, ಅಡುಗೆಮನೆಯ ಮೂಲೆಯಲ್ಲಿ, ಸಿಂಕ್ ಕೆಳಗೆ. ಮೇಸ್ತ್ರಿಗೆ ಫೋನ್ ಮಾಡಿದೆ. ಸೋಮವಾರ ಬರುತ್ತೇನೆ, ಅಲ್ಲಿಯವರೆಗೆ ನೀರು ಬೀಳದ ಹಾಗೆ ನೋಡಿಕೊಳ್ಳಿ ಅಂದರು. ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದು, ಮೇಲೊಂದು ಗೋಣಿ ತಟ್ಟು ಹಾಸಿದ್ದೇನೆ.